ಮೂರನೆಯ ಪಟ್ಟಿ: ‘ದಹನ ಮತ್ತು ಜ್ವಾಲೆ’ ಘಟಕದ ಒಂದು ಬೋಧನಾನುಭವ

ಎಂಟನೆಯ ತರಗತಿಗೆ ‘ದಹನ ಮತ್ತು ಜ್ವಾಲೆ’ ಘಟಕ ಬೋಧಿಸುವ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ಕಾಗದದ ಬಟ್ಟಲಿನ ಪ್ರಯೋಗ ತಪ್ಪದೆ ಇರುತ್ತದೆ. ನೀರಿರುವ ಕಾಗದದ ಬಟ್ಟಲನ್ನು ಮೇಣದಬತ್ತಿಯ ಮೇಲೆ ಹಿಡಿದರೆ ನೀರು ಬಿಸಿಯಾಗುತ್ತದೆ, ಕಾಗದ ಹೊತ್ತಿಕೊಳ್ಳುವುದಿಲ್ಲ. ಶಾಖ ನೀರಿಗೆ ಹೋಗುವುದರಿಂದ ಕಾಗದ ತನ್ನ ಜ್ವಲನ ತಾಪವನ್ನು ಮುಟ್ಟುವುದೇ ಇಲ್ಲ. ಇಂಟರ್ನ್‌ಶಿಪ್ ಅವಧಿಯಲ್ಲಿ ದಾವಣಗೆರೆ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನೂ ಇದನ್ನು ಮಾಡಿ ತೋರಿಸಿದೆ. ಈ ಬರಹ ಮಾತ್ರ ಅದರ ಮುಂದಿನ ಎರಡು ಅವಧಿಗಳಲ್ಲಿ ನಡೆದ ಚಟುವಟಿಕೆಯ ಕುರಿತದ್ದು. ಹತ್ತಿ ಬಟ್ಟೆ ಬೇಗ ಹೊತ್ತಿಕೊಳ್ಳದಂತೆ ಹಚ್ಚುವ ಲೇಪಗಳನ್ನು ವಿಸ್ತರಣಾ ಹಂತಕ್ಕೆ ಆರಿಸಿಕೊಂಡಿದ್ದೆ. ಆ ಎರಡು ಅವಧಿಗಳಲ್ಲಿ ಪ್ರಾತ್ಯಕ್ಷಿಕೆಯ ಬಗ್ಗೆ ನನಗೆ ಹೊಳೆದದ್ದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಹತ್ತಿಯನ್ನೇ ಆರಿಸಿಕೊಂಡ ಕಾರಣ

ಸಂಶ್ಲೇಷಿತ ಎಳೆಗಳ ಪಾಠದಲ್ಲಿ ಮಕ್ಕಳು ಒಂದು ಎಚ್ಚರಿಕೆಯ ಮಾತು ಓದಿರುತ್ತಾರೆ. ಅಡುಗೆಮನೆಯಲ್ಲಿ, ಪ್ರಯೋಗಾಲಯದಲ್ಲಿ ಪಾಲಿಯೆಸ್ಟರ್ ಬಟ್ಟೆ ಧರಿಸಬಾರದು. ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಈ ಮಾತು ಸರಿ. ಆದರೆ ಪೂರ್ವಜ್ಞಾನ ಪರೀಕ್ಷಿಸಲು ‘ಹತ್ತಿ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆಯೋ ನಿಧಾನವಾಗಿ ಹತ್ತುತ್ತದೆಯೋ?’ ಎಂದು ಕೇಳಿದಾಗ ತರಗತಿಯ ಹೆಚ್ಚಿನ ಕೈಗಳು ‘ನಿಧಾನವಾಗಿ’ ಎಂಬುದಕ್ಕೇ ಎದ್ದವು. ಪಾಲಿಯೆಸ್ಟರ್ ಅಪಾಯ ಎಂದು ಓದಿದ ಮಗು ಹತ್ತಿ ಸುರಕ್ಷಿತ ಎಂದು ತಾನೇ ಮುಂದಿನ ವಾಕ್ಯ ಸೇರಿಸಿಕೊಂಡಿತ್ತು.

ನಿಜದಲ್ಲಿ ಹತ್ತಿ ಕರಗುವುದಿಲ್ಲ ಅಷ್ಟೇ. ಉರಿಯುವುದರಲ್ಲಿ ಅದು ಹಿಂದೆ ಬೀಳುವುದಿಲ್ಲ. ಇದನ್ನು ಅಳೆಯಲು ಆಮ್ಲಜನಕದ ಕನಿಷ್ಠ ಸೂಚ್ಯಂಕ ಎಂಬ ಅಳತೆಯಿದೆ. ಒಂದು ವಸ್ತು ಹೊತ್ತಿಕೊಂಡ ಮೇಲೆ ಉರಿಯುತ್ತಲೇ ಇರಲು ಸುತ್ತಲಿನ ಅನಿಲದಲ್ಲಿ ಶೇಕಡಾ ಎಷ್ಟು ಆಮ್ಲಜನಕ ಇರಬೇಕು ಎಂಬುದನ್ನು ಅದು ಹೇಳುತ್ತದೆ. ಹತ್ತಿಗೆ ಸುಮಾರು 18 ಸಾಕು. ನಮ್ಮ ಗಾಳಿಯಲ್ಲಿ 21 ಇದೆ. ಹಾಗಾಗಿ ಒಮ್ಮೆ ಹತ್ತಿದ ಉರಿ ತಾನಾಗಿ ಆರುವುದಿಲ್ಲ. ತೆಳುವಾದ, ಸಡಿಲವಾಗಿ ತೂಗುವ ಹತ್ತಿ ಬಟ್ಟೆಗೆ ಎರಡೂ ಕಡೆಯಿಂದ ಗಾಳಿ ಸಿಗುವುದರಿಂದ ಉರಿ ಮೇಲಕ್ಕೆ ಓಡುತ್ತದೆ. ಸೀರೆಯ ಸೆರಗು ಅಂಥದ್ದೇ.

ಈ ಸಂಖ್ಯೆಗಳನ್ನು ಎಂಟನೆಯ ತರಗತಿಗೆ ಹೇಳಬೇಕೇ ಎಂದು ಪಾಠಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕಿ ಕೇಳಿದರು. ‘18 ಮತ್ತು 21ರಲ್ಲಿ ಯಾವುದು ಹೆಚ್ಚು ಎಂಬುದು ಮೂರನೆಯ ತರಗತಿಯ ಮಗುವಿಗೂ ಗೊತ್ತು ಮೇಡಂ’ ಎಂದೆ. ಅವರು ನಕ್ಕು ಸಹಿ ಹಾಕಿದರು. ‘ನೋಡಮ್ಮಾ, ಬೆಂಕಿ ಹಚ್ಚೋ ಕೆಲಸ ಎಲ್ಲಾ ನಿನ್ನ ಕೈಯಲ್ಲೇ ಇರ್ಲಿ, ಮಕ್ಕಳ ಕೈಗೆ ಕೊಡ್ಬೇಡ’ ಎಂದರು.

ಎರಡು ಪಟ್ಟಿಗಳು

ಸಾಮಗ್ರಿಗಳೆಲ್ಲ ಪೇಟೆಯಲ್ಲೇ ಸಿಗುವಂಥವು. ಬಿಳಿಗಾರ, ಅಂದರೆ ಬೋರಾಕ್ಸ್, ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿತು. ಬೋರಿಕ್ ಆಮ್ಲವನ್ನು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಿಂದ ತಂದೆ. ಬಟ್ಟೆಗೆ ಒಂದು ಹಳೆಯ ಪಂಚೆ. ಅದು ಅಪ್ಪಟ ಹತ್ತಿಯೇ ಎಂದು ಮೊದಲು ಒಂದು ದಾರ ಸುಟ್ಟು ನೋಡಿಕೊಂಡೆ. ಹತ್ತಿಯ ದಾರ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿಯಲ್ಲಿ ಗಟ್ಟಿ ಗುಂಡು ಕಟ್ಟುತ್ತದೆ. ಪಂಚೆ ಎಂದು ಮಾರುವುದರಲ್ಲಿ ಎಲ್ಲವೂ ಪೂರ್ತಿ ಹತ್ತಿ ಅಲ್ಲವಾದ್ದರಿಂದ ಈ ಪರೀಕ್ಷೆ ಬಿಡುವಂತಿಲ್ಲ.

ಒಂದು ಲೀಟರ್ ಬಿಸಿನೀರಿಗೆ 70 ಗ್ರಾಂ ಬಿಳಿಗಾರ, 30 ಗ್ರಾಂ ಬೋರಿಕ್ ಆಮ್ಲ ಹಾಕಿ ಕರಗಿಸಿದೆ. ಬಟ್ಟೆಯನ್ನು ಅದರಲ್ಲಿ ನೆನೆಸಿ, ಮೆಲ್ಲಗೆ ಹಿಂಡಿ, ನೆರಳಿನಲ್ಲಿ ಒಣಗಿಸಿದೆ. ಇದನ್ನೆಲ್ಲ ಕೈಗವಸು ಹಾಕಿಕೊಂಡು ಕಾಲೇಜಿನಲ್ಲೇ ಮುಗಿಸಿದೆ. ಬೋರಿಕ್ ಆಮ್ಲ ಹೊಟ್ಟೆಗೆ ಹೋದರೆ ವಿಷ. ದ್ರಾವಣ ತಯಾರಿಕೆ ಮಕ್ಕಳ ಚಟುವಟಿಕೆ ಆಗಬಾರದು. ಒಣಗಿದ ಮೇಲೆ ಲೇಪವಿದ್ದ ಬಟ್ಟೆಯನ್ನೂ ಇಲ್ಲದ ಬಟ್ಟೆಯನ್ನೂ ಒಂದೇ ಅಳತೆಯ, ಗೇಣುದ್ದದ ಪಟ್ಟಿಗಳಾಗಿ ಕತ್ತರಿಸಿ ಬೇರೆ ಬೇರೆ ಲಕೋಟೆಗಳಲ್ಲಿಟ್ಟೆ.

ತರಗತಿಯ ಹೊರಗೆ, ಸಿಮೆಂಟಿನ ಜಗುಲಿಯ ಮೇಲೆ ಸ್ಟೀಲಿನ ತಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು. ಮಕ್ಕಳು ಸುಣ್ಣದ ಗೆರೆಯ ಆಚೆ ಅರ್ಧವೃತ್ತವಾಗಿ ನಿಂತರು. ಮೊದಲ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಕೆಳತುದಿಗೆ ಮೇಣದಬತ್ತಿ ಮುಟ್ಟಿಸಿದೆ. ಮಕ್ಕಳು ಜೋರಾಗಿ ಎಣಿಸುತ್ತಿದ್ದರು. ಹತ್ತು ಎಣಿಸುವುದರೊಳಗೆ ಉರಿ ಇಕ್ಕಳದ ಹತ್ತಿರ ಬಂದಿತ್ತು, ತಟ್ಟೆಗೆ ಬಿಟ್ಟೆ. ‘ನಿಧಾನ’ ಎಂದು ಕೈ ಎತ್ತಿದವರೆಲ್ಲ ಸುಮ್ಮನಾದರು. ಎರಡನೆಯ ಪಟ್ಟಿಗೂ ಹಾಗೆಯೇ ಉರಿ ಮುಟ್ಟಿಸಿದೆ. ತಾಗಿದಷ್ಟು ಜಾಗ ಕಪ್ಪಾಯಿತು, ಸ್ವಲ್ಪ ಹೊಗೆ ಬಂತು. ಮೇಣದಬತ್ತಿಯನ್ನು ದೂರ ಮಾಡಿದೊಡನೆ ಉರಿ ಆರಿತು. ಕಪ್ಪು ತುದಿಯ ಮೇಲೆ ಉಳಿದ ಪಟ್ಟಿ ಬೆಳ್ಳಗೇ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ತರಗತಿಗೆ ಮರಳಿ ಕಾರಣಗಳನ್ನು ಚರ್ಚಿಸಿದೆವು. ಬಟ್ಟೆ ಉರಿಯುತ್ತದೆ ಎಂದು ನಾವು ಹೇಳುತ್ತೇವೆ. ಆದರೆ ಜ್ವಾಲೆಯಾಗಿ ಉರಿಯುವುದು ಬಟ್ಟೆಯ ಎಳೆಯಲ್ಲ, ಅದರಿಂದ ಹೊರಡುವ ಆವಿ. ಹತ್ತಿಯ ಸೆಲ್ಯುಲೋಸ್ ಸುಮಾರು 350 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಡೆದು ಉರಿಯುವ ಆವಿಗಳನ್ನು ಬಿಡುತ್ತದೆ. ಆ ಆವಿ ಉರಿದು ಹುಟ್ಟುವ ಶಾಖ ಪಕ್ಕದ ಎಳೆಯನ್ನು ಒಡೆಯುತ್ತದೆ, ಅದರ ಆವಿ ಉರಿಯುತ್ತದೆ. ಹೀಗೆ ಉರಿ ತನ್ನ ಮೇವನ್ನು ತಾನೇ ತಯಾರಿಸಿಕೊಂಡು ಮುಂದೆ ಹೋಗುತ್ತದೆ. ಬೋರಿಕ್ ಆಮ್ಲ ಇದ್ದಾಗ ಸೆಲ್ಯುಲೋಸ್‌ನಿಂದ ನೀರಿನ ಅಂಶ ಬಿಟ್ಟುಹೋಗಿ ಇಂಗಾಲ ಹೆಚ್ಚಾಗಿ ಇದ್ದಿಲಾಗಿ ಉಳಿಯುತ್ತದೆ, ಉರಿಯುವ ಆವಿ ಕಡಿಮೆಯಾಗುತ್ತದೆ. ಉರಿ ಆರಿದ ಮೇಲೆ ಬಟ್ಟೆ ಕೆಂಡದಂತೆ ಒಳಗೊಳಗೇ ಸುಡುವುದನ್ನೂ ಅದು ತಡೆಯುತ್ತದೆ. ಬಿಳಿಗಾರ ಶಾಖಕ್ಕೆ ಕರಗಿ ಎಳೆಯ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ‘ಅಕ್ಕಸಾಲಿಗರು ಬೆಸುಗೆ ಹಾಕೋವಾಗ ಬಿಳಿಗಾರ ಹಾಕ್ತಾರಲ್ರೀ, ಅದೇ ಏನ್ರಿ ಇದು?’ ಎಂದು ಒಬ್ಬ ಹುಡುಗ ಕೇಳಿದ. ಅದೇ. ಅಲ್ಲಿ ಅದು ಕರಗಿ ಲೋಹದ ಮೇಲೆ ಹರಡಿ ಗಾಳಿ ತಾಗದಂತೆ ಕಾಯುತ್ತದೆ.

ಪಾಠಯೋಜನೆಯ ಪ್ರಕಾರ ವಿಸ್ತರಣಾ ಹಂತ ಅಲ್ಲಿಗೆ ಮುಗಿದಿತ್ತು.

‘ನಮ್ಮವ್ವನ ಸೀರೆಗೆ ಹಾಕ್ಬೋದೇನ್ರಿ?’

ಮೂರನೆಯ ಸಾಲಿನಲ್ಲಿ ಕೂರುವ ಒಬ್ಬ ಹುಡುಗಿ ಅಲ್ಲಿಯವರೆಗೆ ಏನೂ ಮಾತಾಡಿರಲಿಲ್ಲ. ಅವಳ ತಾಯಿ ಸಂಜೆ ಹೊತ್ತು ಮಂಡಕ್ಕಿ, ಮಿರ್ಚಿಯ ಗಾಡಿ ನಡೆಸುತ್ತಾರೆ. ಶಾಲೆ ಬಿಟ್ಟ ಮೇಲೆ ಇವಳೂ ಅಲ್ಲೇ. ಒಲೆ, ಎಣ್ಣೆಯ ಬಾಣಲೆ, ರಸ್ತೆಯ ಗಾಳಿ, ಸೆರಗು ಎಲ್ಲ ಒಂದು ಮಾರಿನೊಳಗೆ ಇರುವ ಜಾಗ ಅದು. ಅವಳು ಎದ್ದು ನಿಂತು ಕೇಳಿದಳು:

‘ಮಿಸ್, ಇದನ್ನ ನಮ್ಮವ್ವನ ಸೀರೆಗೆ ಹಾಕ್ಬೋದೇನ್ರಿ?’

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಲೇ, ಸೀರೆನ ದಿನಾ ಒಗಿತಾರಲ್ಲ, ನೀರಾಗೆ ಹೋಗಂಗಿಲ್ಲೇನು?’ ಎಂದ. ಅದು ಕೀಟಲೆಯ ಮಾತು ಅನಿಸಿ ಕೆಲವರು ನಕ್ಕರು. ಹುಡುಗಿ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಇಬ್ಬರ ಪ್ರಶ್ನೆಗಳನ್ನೂ ಹಲಗೆಯ ಮೇಲೆ ಬರೆದೆ. ಉತ್ತರ ನನಗೆ ಗೊತ್ತಿತ್ತು. ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಮಕ್ಕಳು ಉರಿ ಆರಿದ್ದನ್ನು ಕಣ್ಣಾರೆ ಕಂಡಿದ್ದರು. ಕಣ್ಣಿಗೆ ಕಂಡದ್ದರ ಎದುರು ಮಿಸ್ ಹೇಳಿದ ಒಂದು ವಾಕ್ಯ ಎಷ್ಟು ನಿಂತೀತು? ಚಪ್ಪಾಳೆ ತಟ್ಟಿಸಿಕೊಂಡ ಎರಡನೆಯ ಪಟ್ಟಿಯ ಮಿತಿಯನ್ನೂ ಅವರು ಕಣ್ಣಾರೆ ಕಾಣಬೇಕಿತ್ತು. ‘ಇದನ್ನು ಹೇಗೆ ಪರೀಕ್ಷಿಸಬಹುದು?’ ಎಂದು ತರಗತಿಯನ್ನೇ ಕೇಳಿದೆ. ಉತ್ತರ ತಡವಾಗಲಿಲ್ಲ. ಲೇಪವಿದ್ದ ಒಂದು ಪಟ್ಟಿಯನ್ನು ಮನೆಯಲ್ಲಿ ಒಗೆಯುವ ಹಾಗೆ ಒಗೆದು, ಒಣಗಿಸಿ, ಮತ್ತೆ ಉರಿ ಮುಟ್ಟಿಸಬೇಕು. ಎಷ್ಟು ಸಲ ಒಗೆಯಬೇಕು ಎಂಬುದರ ಮೇಲೆ ವಾದ ನಡೆದು, ಮೊದಲು ಒಂದೇ ಸಲ ಒಗೆದು ನೋಡೋಣ ಎಂದಾಯಿತು. ಹೋಲಿಕೆಗೆ ಬರೀ ಹತ್ತಿಯ ಪಟ್ಟಿಯನ್ನೂ ಒಗೆಯದ ಲೇಪದ ಪಟ್ಟಿಯನ್ನೂ ಮತ್ತೆ ಸುಡಬೇಕು ಎಂದವಳು ಆ ಹುಡುಗಿಯೇ. ನಿಯಂತ್ರಿತ ಪ್ರಯೋಗ ಎಂಬ ಪದವನ್ನು ನಾನು ಹೇಳಿರಲಿಲ್ಲ.

ಮೂರನೆಯ ಪಟ್ಟಿ

ಕೈಗವಸು ಹಾಕಿಕೊಂಡು ನಾನೇ ಮಕ್ಕಳ ಮುಂದೆ ಶಾಲೆಯ ನಲ್ಲಿಯ ಹತ್ತಿರ ಪಟ್ಟಿಯನ್ನು ಸೋಪು ಹಾಕಿ ಉಜ್ಜಿ, ಎರಡು ನೀರಿನಲ್ಲಿ ಜಾಲಿಸಿ ಒಣಗಲು ಹಾಕಿದೆ. ಮರುದಿನದ ಅವಧಿಯಲ್ಲಿ ಮೂರನ್ನೂ ಒಂದಾದ ಮೇಲೊಂದು ಸುಟ್ಟೆವು. ಮೂರನೆಯದು ಹೆಚ್ಚುಕಡಿಮೆ ಮೊದಲನೆಯದರಂತೆಯೇ ಉರಿದುಹೋಯಿತು.

ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ನೀರಿನಲ್ಲಿ ಕರಗುವ ವಸ್ತುಗಳು. ಕರಗುವುದರಿಂದಲೇ ಅವುಗಳನ್ನು ಬಟ್ಟೆಗೆ ಹೀರಿಸುವುದು ಸುಲಭ, ಕರಗುವುದರಿಂದಲೇ ಅವು ಒಗೆತದಲ್ಲಿ ಹೋಗುತ್ತವೆ. ಎಳೆಯ ಜೊತೆ ಅವುಗಳಿಗೆ ಗಟ್ಟಿ ಬಂಧ ಇರುವುದಿಲ್ಲ. ಇಷ್ಟನ್ನು ವಿವರಿಸಲು ಐದು ನಿಮಿಷ ಸಾಕಾಯಿತು. ಆದರೆ ಆ ಹುಡುಗಿ ತಟ್ಟೆಯಲ್ಲಿದ್ದ ಬೂದಿ ನೋಡಿ, ‘ಹಂಗಾದ್ರೆ ನಿನ್ನೆ ತೋರಿಸಿದ್ದು ಸುಳ್ಳೇನ್ರಿ?’ ಎಂದಳು.

ಇದು ವಿಜ್ಞಾನದ ಪ್ರಶ್ನೆಯಷ್ಟೇ ಅಲ್ಲ. ಸುಳ್ಳಲ್ಲ, ಒಗೆಯದ ಬಟ್ಟೆಯ ಮಟ್ಟಿಗೆ ನಿಜ ಎಂದು ಉತ್ತರಿಸಿದೆ. ನಾಟಕದ ಪರದೆಯನ್ನು ದಿನಾ ಒಗೆಯುವುದಿಲ್ಲ. ಅದಕ್ಕೆ ಇಂಥ ಲೇಪ ಉಪಯೋಗಕ್ಕೆ ಬರುತ್ತದೆ. ಸೀರೆಯನ್ನು ಒಗೆಯುತ್ತಾರೆ, ಅದಕ್ಕೆ ಬರುವುದಿಲ್ಲ. ಬಟ್ಟೆ ಯಾವುದು, ಅದನ್ನು ಉಡುವವರು ಯಾರು, ಅದರ ದಿನಚರಿ ಏನು ಎಂದು ಕೇಳದೆ ಲೇಪದ ಗುಣ ಹೇಳಲಾಗದು. ‘ಅವ್ವನ ಸೀರೆ’ ಎಂದು ಅವಳು ಕೇಳಿದ್ದರಿಂದಲೇ ತರಗತಿಗೆ ಈ ಮಾತು ದೊರಕಿತು.

ಇತಿಹಾಸದಲ್ಲೂ ಇದೇ ಪ್ರಶ್ನೆ

ಮಕ್ಕಳ ಪ್ರಶ್ನೆಗಳು ಈ ವಿಜ್ಞಾನ ನಡೆದುಬಂದ ದಾರಿಯಲ್ಲೇ ಇದ್ದವು. 1735ರಲ್ಲಿ ಇಂಗ್ಲೆಂಡಿನ ಒಬಾಡಿಯಾ ವೈಲ್ಡ್ ಎಂಬುವರು ಪಟಿಕ, ಬೋರಾಕ್ಸ್ ಮತ್ತು ಕಬ್ಬಿಣದ ಸಲ್ಫೇಟ್ ಬಳಸಿ ಕ್ಯಾನ್ವಾಸ್ ಬಟ್ಟೆ ಬೇಗ ಹೊತ್ತದಂತೆ ಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದರು. 1821ರಲ್ಲಿ ಫ್ರಾನ್ಸಿನ ದೊರೆ 18ನೆಯ ಲೂಯಿ ರಂಗಮಂದಿರದ ಬಟ್ಟೆಗಳನ್ನು ಬೆಂಕಿಯಿಂದ ಕಾಪಾಡುವ ಬಗೆ ಹುಡುಕಲು ಗೇ-ಲ್ಯೂಸಾಕ್‌ಗೆ ಹೇಳಿದ. ಅನಿಲಗಳ ನಿಯಮದಲ್ಲಿ ನಾವು ಓದುವ ಗೇ-ಲ್ಯೂಸಾಕ್ ಅವರೇ. ಅಮೋನಿಯಂ ಫಾಸ್ಫೇಟ್, ಅಮೋನಿಯಂ ಕ್ಲೋರೈಡ್, ಬೋರಾಕ್ಸ್‌ಗಳ ಮಿಶ್ರಣ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅವರು ಕಂಡುಕೊಂಡರು. ಶಾಖಕ್ಕೆ ಕರಗಿ ಗಾಜಿನಂತೆ ಹೊದ್ದುಕೊಳ್ಳುವ ಲವಣಗಳು ಒಂದು ಬಗೆ, ಶಾಖಕ್ಕೆ ಒಡೆದು ಉರಿಯದ ಅನಿಲ ಬಿಡುವ ಲವಣಗಳು ಇನ್ನೊಂದು ಬಗೆ ಎಂದೂ ಗುರುತಿಸಿದರು. ಕ್ಯಾನ್ವಾಸ್, ಪರದೆ ಎರಡೂ ದಿನಾ ಒಗೆಯುವ ಬಟ್ಟೆಗಳಲ್ಲ ಎಂಬುದನ್ನು ಮಕ್ಕಳೇ ಗುರುತಿಸಿದರು.

ಮೈಮೇಲಿನ ಬಟ್ಟೆಯ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರು ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್. ಮೊದಲ ಸಂಶ್ಲೇಷಿತ ಬಣ್ಣ ಕಂಡುಹಿಡಿದ ಪರ್ಕಿನ್ ಅವರ ಮಗ. ತಂದೆ ಮಗ ಇಬ್ಬರದೂ ಒಂದೇ ಹೆಸರು. ಆ ಕಾಲದ ಇಂಗ್ಲೆಂಡಿನಲ್ಲಿ ಫ್ಲಾನೆಲೆಟ್ ಎಂಬ ಹತ್ತಿ ಬಟ್ಟೆ ಅಗ್ಗವಾಗಿತ್ತು, ಬೆಚ್ಚಗಿತ್ತು. ಬಡವರ ಮಕ್ಕಳು ಅದನ್ನೇ ತೊಡುತ್ತಿದ್ದರು. ಮೇಲೆ ಎಬ್ಬಿಸಿದ ಮೆತ್ತನೆಯ ನವಿರು ಇದ್ದುದರಿಂದ ಕಿಡಿ ತಾಗಿದರೆ ಉರಿ ಇಡೀ ಬಟ್ಟೆಯ ಮೇಲೆ ಹರಿಯುತ್ತಿತ್ತು. ಪರ್ಕಿನ್ 1912ರಲ್ಲಿ ತಮ್ಮ ಕೆಲಸ ವಿವರಿಸುವಾಗ ಒಳ್ಳೆಯ ಲೇಪ ಹೇಗಿರಬೇಕು ಎಂಬ ಪಟ್ಟಿಯನ್ನೇ ಕೊಟ್ಟರು. ಬಟ್ಟೆಯ ಮೆದುತನ ಮತ್ತು ಬಾಳಿಕೆ ಕೆಡಬಾರದು, ಬಣ್ಣ ಕೆಡಬಾರದು, ವಿಷದ ವಸ್ತು ಇರಬಾರದು, ಸುಮಾರು 50 ಸಲ ಒಗೆದರೂ ಉಳಿಯಬೇಕು, ಅಗ್ಗವಾಗಿರಬೇಕು. ಅವರು ಬಟ್ಟೆಯನ್ನು ಸೋಡಿಯಂ ಸ್ಟ್ಯಾನೇಟ್ ದ್ರಾವಣದಲ್ಲಿ ಅದ್ದಿ ಒಣಗಿಸಿ, ಅನಂತರ ಅಮೋನಿಯಂ ಸಲ್ಫೇಟ್‌ನಲ್ಲಿ ಅದ್ದಿದರು. ನೀರಿನಲ್ಲಿ ಕರಗದ ತವರದ ಆಕ್ಸೈಡ್ ಎಳೆಯೊಳಗೇ ಉಳಿದುಕೊಳ್ಳುವಂತೆ ಮಾಡುವುದು ಅದರ ಉಪಾಯ.

ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗ, ‘ನಾನು ಹೇಳಿದ್ದೂ ಐತೆ’ ಎಂದು ಎದ್ದು ನಿಂತ. ಹೌದು, ಅವನ ಪ್ರಶ್ನೆ ಆ ಪಟ್ಟಿಯಲ್ಲಿತ್ತು.

1950ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅಲ್ಲಿನ ಕೃಷಿ ಇಲಾಖೆಯ ಪ್ರಯೋಗಾಲಯದವರು ರಂಜಕದ ಸಂಯುಕ್ತಗಳಿಂದ ಹತ್ತಿಯೊಳಗೇ ಕರಗದ ಪಾಲಿಮರ್ ಕಟ್ಟುವ ಕ್ರಮ ರೂಪಿಸಿದರು. ಇಂದಿಗೂ ಕಾರ್ಮಿಕರ ರಕ್ಷಣಾ ಉಡುಪಿಗೆ ಆ ದಾರಿಯಲ್ಲಿ ಬೆಳೆದ ಸಂಸ್ಕರಣೆ ಬಳಕೆಯಲ್ಲಿದೆ. ಅದು ಹಲವಾರು ಒಗೆತ ತಡೆಯುತ್ತದೆ. ಆದರೆ ಕಾರ್ಖಾನೆಯಲ್ಲಿ ಅಮೋನಿಯ ಅನಿಲದಿಂದ ಗಟ್ಟಿಗೊಳಿಸುವ ಕೆಲಸ ಅದು, ಮನೆಯ ಬಕೆಟ್ಟಿನಲ್ಲಿ ಆಗುವಂಥದ್ದಲ್ಲ. ಅಂಥ ಬಟ್ಟೆಯನ್ನೂ ಗಡಸು ನೀರಿನಲ್ಲಿ ಸೋಪು ಹಾಕಿ ಒಗೆಯುತ್ತಿದ್ದರೆ ಕ್ಯಾಲ್ಸಿಯಂನ ಜಿಗುಟು ಎಳೆಯ ಮೇಲೆ ಕೂತು ಗುಣ ತಗ್ಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬಾರದ್ದನ್ನು ಕಂಡ ಮಕ್ಕಳಿಗೆ ಗಡಸು ನೀರಿನ ವಿವರಣೆ ಬೇಕಾಗಲಿಲ್ಲ.

‘ವಿಷ ಇರಬಾರದು’ ಎಂಬ ಷರತ್ತಿಗೆ ಹತ್ತಿಯಲ್ಲದ ಬಟ್ಟೆಯ ಒಂದು ಉದಾಹರಣೆ ಕೊಟ್ಟೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪಿಗೆ, ಮುಖ್ಯವಾಗಿ ಪಾಲಿಯೆಸ್ಟರ್‌ನಂಥ ಎಳೆಗಳಿಗೆ, ಟ್ರಿಸ್ ಎಂಬ ಬ್ರೋಮಿನ್ ಸಂಯುಕ್ತ ಸೇರಿಸುತ್ತಿದ್ದರು. ಅದು ಕ್ಯಾನ್ಸರ್ ತರಬಹುದೆಂದು ಆರ್ಲೀನ್ ಬ್ಲಂ ಮತ್ತು ಬ್ರೂಸ್ ಏಮ್ಸ್ 1977ರಲ್ಲಿ ಬರೆದರು. ಅದೇ ವರ್ಷ ಮಕ್ಕಳ ಉಡುಪಿನಲ್ಲಿ ಅದರ ಬಳಕೆ ನಿಷೇಧವಾಯಿತು. ಬೆಂಕಿ ತಡೆದರೆ ಸಾಲದು, ತೊಟ್ಟವರಿಗೆ ಒಳಿತೂ ಆಗಬೇಕು ಎಂದು ಮಕ್ಕಳು ಟಿಪ್ಪಣಿಯಲ್ಲಿ ಬರೆದುಕೊಂಡರು.

ನಮ್ಮ ದೇಶದ ಕೆಲಸವನ್ನೂ ಹೇಳಿದೆ. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹತ್ತಿ ಬಟ್ಟೆಗೆ ಮೊದಲು ಟ್ಯಾನಿಕ್ ಆಮ್ಲ ಮತ್ತು ಪಟಿಕ ಹಿಡಿಸಿ, ಬಾಳೆದಿಂಡಿನ ರಸ ಹೀರಿಸಿ, ಉರಿ ತಡೆಯುವ ಗುಣ ಬಂದದ್ದನ್ನು ತೋರಿಸಿದ್ದಾರೆ. ಬಾಳೆಯ ರಸದಲ್ಲಿರುವ ಖನಿಜ ಲವಣಗಳು ಅದಕ್ಕೆ ಕಾರಣ. ಬಾಳೆಯ ಕಲೆ ಒಗೆದರೂ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ‘ಕಲೆ ಉಳಿದಂಗೆ ಉರಿ ತಡೆಯೋದೂ ಉಳಿತದೇನ್ರಿ? ಅದನ್ನೂ ಒಗದು ಸುಟ್ಟು ನೋಡ್ಬೇಕು’ ಎಂದರು. ನನಗೆ ಬೇಕಾಗಿದ್ದ ಕಲಿಕಾ ಫಲ ಇದೇ ಆಗಿತ್ತು.

ಕಂಬಳಿಯ ದಾರ

ಆದರೂ ಗಾಡಿಯ ಮುಂದಿನ ಸೆರಗಿನ ಪ್ರಶ್ನೆ ಹಾಗೇ ಉಳಿದಿತ್ತು. ಅಲ್ಲಿ ಲೇಪ ಕೆಲಸಕ್ಕೆ ಬಾರದು ಎಂದು ಹೇಳಿ ಸುಮ್ಮನಾದರೆ ಮಗು ಬರಿಗೈಯಲ್ಲಿ ಮನೆಗೆ ಹೋಗುತ್ತದೆ. ಬಟ್ಟೆಗೆ ಬೆಂಕಿ ಹತ್ತಿದವರ ಮೇಲೆ ಕಂಬಳಿ ಹೊದಿಸಬೇಕು ಎಂದು ಪಠ್ಯದಲ್ಲಿದೆ. ‘ಕಂಬಳಿಯೇ ಏಕೆ, ಬೆಡ್‌ಶೀಟ್ ಏಕಲ್ಲ?’ ಎಂದು ಕೇಳಿದೆ. ದಪ್ಪ ಇರುವುದರಿಂದ ಗಾಳಿ ಹೋಗುವುದಿಲ್ಲ ಎಂದರು. ಅದು ಅರ್ಧ ಉತ್ತರ. ಕುರಿಯ ಉಣ್ಣೆಯ ಕಂಬಳಿಯಿಂದ ಎಳೆದ ಒಂದು ದಾರವನ್ನು ಇಕ್ಕಳದಲ್ಲಿ ಹಿಡಿದು ಉರಿ ಮುಟ್ಟಿಸಿದೆ. ಅದು ಮುದುಡಿಕೊಂಡಿತು, ಕೂದಲು ಸುಟ್ಟ ವಾಸನೆ ಬಂತು, ಉರಿಯಿಂದ ದೂರ ತಂದೊಡನೆ ಆರಿತು.

ಉಣ್ಣೆಯ ಆಮ್ಲಜನಕ ಸೂಚ್ಯಂಕ ಸುಮಾರು 25. ಗಾಳಿಯಲ್ಲಿರುವುದು 21. ಹತ್ತಿಗೆ ಕಾರ್ಖಾನೆಯಲ್ಲಿ ಕಷ್ಟಪಟ್ಟು ಕೊಡುವ ಗುಣ ಉಣ್ಣೆಯ ಪ್ರೋಟೀನಿನಲ್ಲಿ ಹುಟ್ಟಿನಿಂದಲೇ ಇದೆ. ಅದರಲ್ಲಿರುವ ಸಾರಜನಕ, ಗಂಧಕ, ತೇವಾಂಶ ಇದಕ್ಕೆ ನೆರವಾಗುತ್ತವೆ. ಅದನ್ನು ಒಗೆದರೂ ಈ ಗುಣ ನೀರಿಗೆ ಬಿಟ್ಟುಹೋಗುವುದಿಲ್ಲ. ಚಿತ್ರದುರ್ಗ, ಹಾವೇರಿ ಸೀಮೆಯ ಕಂಬಳಿ ನಮ್ಮ ಮಕ್ಕಳ ಮನೆಗಳಲ್ಲಿ ಇದ್ದೇ ಇದೆ. ಅಂಗಡಿಯಲ್ಲಿ ಕಂಬಳಿಯಂತೆ ಕಾಣುವ ಸಿಂಥೆಟಿಕ್ ಹೊದಿಕೆ ಇದಕ್ಕೆ ಬದಲಾಗದು ಎಂಬುದನ್ನೂ ಒಂದು ದಾರ ಸುಟ್ಟು ತೋರಿಸಿದೆ. ಅದು ಕರಗಿ ಗುಂಡಾಯಿತು.

ಬಳಿಕ ಮಕ್ಕಳ ಗುಂಪುಗಳು ‘ಒಲೆಯ ಮುಂದೆ’ ಎಂಬ ಸೂಚನಾ ಪಟ್ಟಿ ತಯಾರಿಸಿದವು. ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಳ್ಳುವುದು. ಉರಿ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳುವುದು. ಉಣ್ಣೆಯ ಕಂಬಳಿ ಕೈಗೆಟಕುವಲ್ಲಿ ಇಡುವುದು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕದೆ, ಒಲೆ ಆರಿಸಿ, ತಟ್ಟೆ ಮುಚ್ಚುವುದು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯುವುದು. ಪೇಸ್ಟ್, ಶಾಯಿ ಹಚ್ಚದಿರುವುದು.

ಮುಂದಿನ ವಾರ ಆ ಹುಡುಗಿಯನ್ನು ಮನೆಯಲ್ಲಿ ಹೇಳಿದೆಯಾ ಎಂದು ಕೇಳಿದೆ. ‘ಅವ್ವ ನಕ್ಕಳ್ರಿ. ಇಷ್ಟು ವರ್ಷ ನಾನು ಗಾಡಿ ನಡೆಸಿಲ್ವೇನು ಅಂದ್ಲು. ಆದ್ರೆ ಸೆರಗು ಸಿಗಿಸ್ಕಂಡ್ಲು’ ಎಂದಳು. ಕಂಬಳಿಯ ವಿಷಯ ಕೇಳಿದ್ದಕ್ಕೆ, ‘ಅಜ್ಜಂದು ಐತ್ರಿ, ಕೊಡಂಗಿಲ್ಲ ಅಂತಾನೆ’ ಎಂದು ನಕ್ಕಳು.

ಪದ ಮತ್ತು ಮೌಲ್ಯಮಾಪನ

ಈ ಬಗೆಯ ಲೇಪಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ‘ಅಗ್ನಿನಿರೋಧಕ’ ಎಂದು ಬರೆಯುತ್ತೇವೆ. ಈ ಪದ ಕೇಳಿದ ಮಗು ‘ಬೆಂಕಿಯೇ ತಾಗದು’ ಎಂದು ಅರ್ಥಮಾಡಿಕೊಳ್ಳುತ್ತದೆ. ಲೇಪವಿದ್ದ ಹತ್ತಿಯೂ ಸುಡುತ್ತದೆ, ಕಪ್ಪಾಗುತ್ತದೆ, ಉರಿಯೊಳಗೇ ಇಟ್ಟರೆ ಹಾಳಾಗುತ್ತದೆ. ಅದು ಕೊಡುವುದು ಸಮಯ, ಉರಿ ಹರಡದಿರುವ ಅವಕಾಶ. ‘ಜ್ವಾಲಾಮಂದಕ’ ಎಂಬುದು ಹೆಚ್ಚು ಪ್ರಾಮಾಣಿಕವಾದ ಪದ. ನಮ್ಮ ತರಗತಿಯಲ್ಲಿ ಮಕ್ಕಳು ‘ಉರಿ ನಿಧಾನ ಮಾಡೋ ಲೇಪ’ ಎಂದರು. ಹಲಗೆಯ ಮೇಲೆ ಅದನ್ನೂ ಬರೆದೆ.

ಘಟಕ ಪರೀಕ್ಷೆಗೆ ಒಂದು ಪ್ರಶ್ನೆ ಸೇರಿಸಿದೆ: ‘ಈ ಪರದೆಗೆ ಬೆಂಕಿ ಹತ್ತುವುದೇ ಇಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನೀವು ಯಾವ ಮೂರು ಪ್ರಶ್ನೆ ಕೇಳುತ್ತೀರಿ?’ ಒಗೆದ ಮೇಲೂ ಈ ಗುಣ ಇರುತ್ತದೆಯೇ ಎಂಬ ಪ್ರಶ್ನೆ ಬಹಳಷ್ಟು ಉತ್ತರಪತ್ರಿಕೆಗಳಲ್ಲಿತ್ತು. ಮೈಗೆ ತೊಂದರೆಯೇ ಎಂದು ಕೆಲವರು ಕೇಳಿದ್ದರು. ‘ನೀವು ಸುಟ್ಟು ನೋಡಿದ್ದೀರಾ?’ ಎಂದು ಒಬ್ಬ ಬರೆದಿದ್ದ. ಅವನಿಗೆ ಪೂರ್ತಿ ಅಂಕ ಕೊಟ್ಟೆ.

ಮುಂದಿನ ತಂಡದವರಿಗೆ

ಈ ಚಟುವಟಿಕೆ ಮಾಡುವವರು ಎರಡು ಅವಧಿಗಳನ್ನು ಮೊದಲೇ ಕಾದಿರಿಸಿಕೊಳ್ಳಿ. ಒಗೆದ ಪಟ್ಟಿ ಒಣಗಲು ನಡುವೆ ಒಂದು ರಾತ್ರಿ ಬೇಕು. ಮೂರೂ ಪಟ್ಟಿಗಳು ಒಂದೇ ಬಟ್ಟೆಯವು, ಒಂದೇ ಅಗಲದವು ಆಗಿರಲಿ. ಗಾಳಿ ಜೋರಾಗಿದ್ದರೆ ಮುಂದೂಡಿ. ದ್ರಾವಣವನ್ನು ಕಾಲೇಜಿನಲ್ಲೇ ತಯಾರಿಸಿ, ಉಳಿದದ್ದನ್ನು ಶಾಲೆಯಲ್ಲಿ ಬಿಟ್ಟುಬರಬೇಡಿ. ಮನೆಯ ಬಟ್ಟೆಗೆ ಇದನ್ನು ಹಚ್ಚಬಾರದು ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ತರಗತಿಯಲ್ಲಿ ಸುಟ್ಟ ಗಾಯದ ಗುರುತಿರುವ ಮಗು ಇದೆಯೇ, ಇಂಥ ಅಪಘಾತ ಕಂಡ ಮನೆಯ ಮಗು ಇದೆಯೇ ಎಂದು ಮಾರ್ಗದರ್ಶಕ ಶಿಕ್ಷಕರನ್ನು ಮೊದಲೇ ವಿಚಾರಿಸಿ. ಇದ್ದರೆ ಆ ಮಗುವಿನೊಂದಿಗೆ ಒಮ್ಮೆ ಮಾತಾಡಿ, ಹಿಂದೆ ನಿಲ್ಲುವ ಸ್ವಾತಂತ್ರ್ಯ ಕೊಡಿ.

ಇನ್ನೊಂದು ಮಾತು ಎಲ್ಲ ಪ್ರಾತ್ಯಕ್ಷಿಕೆಗಳಿಗೂ ಸೇರಿದ್ದು. ನಮ್ಮ ಪಾಠಯೋಜನೆಗಳಲ್ಲಿ ಸಾಮಾನ್ಯವಾಗಿ ‘ಹೀಗೆ ಮಾಡದಿದ್ದಾಗ’ ಮತ್ತು ‘ಹೀಗೆ ಮಾಡಿದಾಗ’ ಎಂಬ ಎರಡು ಅಂಕಣ ಇರುತ್ತವೆ. ‘ಮನೆಯಲ್ಲಿ ನಾಲ್ಕು ದಿನ ಬಳಸಿದ ಮೇಲೆ’ ಎಂಬ ಮೂರನೆಯ ಅಂಕಣವನ್ನೂ ಎಳೆದುಕೊಂಡರೆ ಒಳ್ಳೆಯದು. ಅದನ್ನು ನಾವೇ ತುಂಬಬೇಕಿಲ್ಲ. ಖಾಲಿ ಬಿಟ್ಟು ತರಗತಿಗೆ ಹೋದರೆ ಮಕ್ಕಳು ತುಂಬುತ್ತಾರೆ.